ವೈ ಏರಿಕೆ ಸಮವಾಗಿಲ್ಲದಿದ್ದರೂ ಫಂಕ್ಷನ್ ರೇಖಾತ್ಮಕ ಆಗುವುದು ಹೇಗೆ?

ನಿಮ್ಮ ಮಗಳಿಗೆ ಕೊಟ್ಟ ಕೋಷ್ಟಕದಲ್ಲಿ ಎಕ್ಸ್ 1, 2, 4, 7. ವೈ 5, 8, 14, 23. ವೈ ಏರಿಕೆ 3, 6, 9 ಎಂದು ಬೇರೆಬೇರೆ ಇರುವುದರಿಂದ ಅವಳು ‘ರೇಖಾತ್ಮಕವಲ್ಲ’ (ಅಂದರೆ ಗ್ರಾಫ್ ಎಳೆದರೆ ಸರಳರೇಖೆ ಬರುವುದಿಲ್ಲ) ಎಂದು ಬರೆದಳು, ಅದು ಹೇಗೆ ತಪ್ಪು ಎಂದು ಕೇಳಿದ್ದೀರಿ.

ಅವಳು ಎಕ್ಸ್ ಸಾಲನ್ನು ನೋಡಿಲ್ಲ, ಅಷ್ಟೇ. ಅಲ್ಲಿಯೂ ಏರಿಕೆ 1, 2, 3 ಇದೆ. ಪ್ರತಿ ಹಂತದಲ್ಲಿ ವೈ ಏರಿಕೆಯನ್ನು ಎಕ್ಸ್ ಏರಿಕೆಯಿಂದ ಭಾಗಿಸಲಿ: 3÷1, 6÷2, 9÷3. ಎಲ್ಲ ಕಡೆಯೂ 3 ಬರುತ್ತದೆ. ಹಾಗಾಗಿ ಇದು ರೇಖಾತ್ಮಕ, ವೈ = 3ಎಕ್ಸ್ + 2. ಇದರ ಉಲ್ಟಾ ಮೋಸವೂ ಪರೀಕ್ಷೆಯಲ್ಲಿ ಬರಬಹುದು: ಎಕ್ಸ್ 0, 1, 3, 6, ವೈ 2, 6, 10, 14. ವೈ ಪ್ರತಿ ಸಲ ನಾಲ್ಕೇ ಏರುತ್ತದೆ, ಆದರೆ ಭಾಗಿಸಿದರೆ 4, 2, 4/3. ರೇಖಾತ್ಮಕ ಅಲ್ಲ. ಭಾಗಾಕಾರ ಮಾಡದೆ ಉತ್ತರ ಬರೆಯಬಾರದು ಎಂಬ ಅಭ್ಯಾಸ ಮೊದಲು ಬರಲಿ, ಉಳಿದದ್ದು ಸುಲಭ.

ಸಮೀಕರಣ ಕೊಟ್ಟಿದ್ದರೆ ಮೊದಲು ಸುಲಭ ರೂಪಕ್ಕೆ ತರಬೇಕು. ವೈ = ಎಕ್ಸ್(ಎಕ್ಸ್ + 2) − ಎಕ್ಸ್² ನೋಡಿದ ತಕ್ಷಣ ವರ್ಗ ಕಣ್ಣಿಗೆ ಬೀಳುತ್ತದೆ, ಬಿಡಿಸಿದರೆ ಉಳಿಯುವುದು 2ಎಕ್ಸ್ ಮಾತ್ರ. ಬಿಡಿಸಿದ ಮೇಲೂ ಎಕ್ಸ್‌ಗೆ 1 ಬಿಟ್ಟು ಬೇರೆ ಘಾತವಿದ್ದರೆ, ಎಕ್ಸ್ ಛೇದದಲ್ಲೋ ವರ್ಗಮೂಲದೊಳಗೋ ಘಾತದ ಜಾಗದಲ್ಲೋ ಕೂತಿದ್ದರೆ ರೇಖಾತ್ಮಕವಲ್ಲ. ಎಕ್ಸ್/3 ರೇಖಾತ್ಮಕ, 3/ಎಕ್ಸ್ ಅಲ್ಲ. √2 × ಎಕ್ಸ್ ಕೂಡ ರೇಖಾತ್ಮಕವೇ, ಮೂಲಚಿಹ್ನೆ ಇರುವುದು ಬರೀ ಸಂಖ್ಯೆಯ ಮೇಲೆ. ಎಕ್ಸ್ × ವೈ = 6 ಎಂಬುದು ಮಕ್ಕಳನ್ನು ಯಾಮಾರಿಸುತ್ತದೆ: ಘಾತವೇ ಕಾಣುವುದಿಲ್ಲ, ಆದರೆ ಬಿಡಿಸಿ ಬರೆದರೆ ವೈ = 6/ಎಕ್ಸ್.

ಗ್ರಾಫ್ ಎಳೆಯುವಾಗ ಋಣ ಸಂಖ್ಯೆಗಳನ್ನೂ ತೆಗೆದುಕೊಳ್ಳಲಿ. ವೈ = |ಎಕ್ಸ್| ಗೆ 0, 1, 2, 3 ಮಾತ್ರ ಹಾಕಿದರೆ ಅಚ್ಚುಕಟ್ಟಾದ ಸರಳರೇಖೆ; −1, −2 ಹಾಕಿದಾಗಲೇ ಗೆರೆ ಮೂಲಬಿಂದುವಿನಲ್ಲಿ ಮುರಿದು ಮೇಲಕ್ಕೆ ಹೋಗುವುದು ಕಾಣುತ್ತದೆ. ವೈ = 5 ಅಡ್ಡಗೆರೆ, ಅದೂ ರೇಖಾತ್ಮಕ. ಎಕ್ಸ್ = 4 ಲಂಬಗೆರೆ; ಒಂದೇ ಎಕ್ಸ್‌ಗೆ ಲೆಕ್ಕವಿಲ್ಲದಷ್ಟು ವೈ ಇರುವುದರಿಂದ ಅದು ಫಂಕ್ಷನ್ನೇ ಅಲ್ಲ.

ಅಭ್ಯಾಸಕ್ಕೆ ಚೌಕವನ್ನೇ ಕೊಡಿ. ಬಾಹು 1, 2, 3, 4 ಆದಾಗ ಸುತ್ತಳತೆ 4, 8, 12, 16. ವಿಸ್ತೀರ್ಣ 1, 4, 9, 16. ಬಾಹು 4 ಇದ್ದಾಗ ಎರಡೂ 16 ಆಗುವುದರಿಂದ, ಆ ಒಂದೇ ಬೆಲೆ ನೋಡಿ ತೀರ್ಮಾನಿಸಿದರೆ ಏನೂ ಗೊತ್ತಾಗುವುದಿಲ್ಲ. ಬಾಹು ಪ್ರತಿ ಸಲ 1 ಏರುವುದರಿಂದ ಏರಿಕೆಯನ್ನು 1ರಿಂದ ಭಾಗಿಸಿದರೆ ಸುತ್ತಳತೆಗೆ 4, 4, 4, ರೇಖಾತ್ಮಕ. ವಿಸ್ತೀರ್ಣಕ್ಕೆ 3, 5, 7, ರೇಖಾತ್ಮಕ ಅಲ್ಲ.