ನಾಯಿಗೆ ಅನ್ನ-ಮೊಸರು ಸಾಕೇ?

ಪ್ರಶ್ನೆ: ನಮ್ಮದು ಎರಡು ವರ್ಷದ ಊರುನಾಯಿ, ತೂಕ 15 ಕೆ.ಜಿ. ದಿನಾ ಅನ್ನ-ಮೊಸರು, ಭಾನುವಾರ ಮಿಕ್ಕ ಕೋಳಿಸಾರು ಹಾಕುತ್ತೇವೆ. ಅಂಗಡಿಯ ಡಾಗ್ ಫುಡ್ ಮೂಸಿಯೂ ನೋಡುವುದಿಲ್ಲ. ಮನೆ ಊಟವೇ ಸಾಕಲ್ಲವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ನಾಯಿಗೆಂದೇ ಬೇಯಿಸಿದರೆ ಒಳ್ಳೆಯದೇ. ಏನು ಹಾಕಿದ್ದೇವೆಂದು ಗೊತ್ತಿರುತ್ತದೆ, ನೀರಿನಂಶ ಹೆಚ್ಚಿರುತ್ತದೆ, ಹಟಮಾರಿ ನಾಯಿಯೂ ತಿನ್ನುತ್ತದೆ. ಆದರೆ ಅನ್ನ-ಮೊಸರಿನಲ್ಲಿ ಪ್ರೊಟೀನ್ ಸಾಲದು.

ನಿಮ್ಮ ನಾಯಿಗೆ ದಿನಕ್ಕೆ ಮೂಳೆಯಿಲ್ಲದ ಕೋಳಿ 200 ಗ್ರಾಂ (ಹಸಿ ತೂಕ), ಅನ್ನ 300 ಗ್ರಾಂ, ಸಿಹಿಗುಂಬಳ ಅಥವಾ ಬೀನ್ಸ್ 80 ಗ್ರಾಂ, ಎಣ್ಣೆ ಎರಡು ಟೀ ಚಮಚ. ಉಪ್ಪು, ಖಾರ, ಮಸಾಲೆ ಬೇಡ. ಬೇಯಿಸಿ ಎರಡು ಹೊತ್ತಿಗೆ ಹಂಚಿ. ವಾರಕ್ಕೆರಡು ಸಲ 30 ಗ್ರಾಂ ಕೋಳಿಯ ಬದಲು ಅಷ್ಟೇ ಲಿವರ್ ಹಾಕಿ. ದಿನಾ ಹೆಚ್ಚು ಲಿವರ್ ಹಾಕಿದರೆ ಎ ವಿಟಮಿನ್ ಮಿತಿ ಮೀರಬಹುದು.

ಎಲ್ಲರೂ ಮರೆಯುವುದು ಕ್ಯಾಲ್ಸಿಯಂ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ರಕ್ತದಲ್ಲಿ ಕೊರತೆಯಾದಾಗ ದೇಹ ಅದನ್ನು ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ಮೊಟ್ಟೆಯ ಚಿಪ್ಪನ್ನು ತೊಳೆದು ಹತ್ತು ನಿಮಿಷ ಕುದಿಸಿ, ಒಣಗಿಸಿ (ನಮ್ಮ ಮಳೆಗಾಲದಲ್ಲಿ ಬಿಸಿಲು ಕಾಯಬೇಡಿ, ಬಾಣಲೆಯಲ್ಲೇ ಹುರಿಯಿರಿ), ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ ಬಟ್ಟೆಯಲ್ಲಿ ಸೋಸಿ. ದಿನಕ್ಕೆ ಅರ್ಧ ಟೀ ಚಮಚ. ಸುಮಾರು ಒಂದು ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ.

ಇಷ್ಟಾದರೂ ಸತು, ಅಯೋಡಿನ್, ಇ ಮತ್ತು ಡಿ ವಿಟಮಿನ್ ಕೊರತೆಯೇ. ಅಂಗಳದ ಬಿಸಿಲಲ್ಲಿ ಮಲಗಿದರೆ ಡಿ ಸಿಗುತ್ತದೆಂಬುದು ಮನುಷ್ಯರ ಲೆಕ್ಕ. ನಾಯಿಯ ಚರ್ಮ ಅದನ್ನು ಸಾಕಷ್ಟು ತಯಾರಿಸದು. ಮನೆಯೂಟಕ್ಕೆ ಬೆರೆಸುವ ನಾಯಿಗಳ ಪೌಡರನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ. ಅದರಲ್ಲೇ ಕ್ಯಾಲ್ಸಿಯಂ ಇದ್ದರೆ ಚಿಪ್ಪಿನ ಪುಡಿ ನಿಲ್ಲಿಸಿ.

ಭಾನುವಾರದ ಕೋಳಿಸಾರು ಮಾತ್ರ ಇವತ್ತೇ ನಿಲ್ಲಿಸಿ. ಈರುಳ್ಳಿ, ಬೆಳ್ಳುಳ್ಳಿ ಬೆಂದರೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಒಸಡು ಬಿಳಿಚುವುದು, ಮೂತ್ರ ಕಂದಾಗುವುದು ಕೆಲವು ದಿನ ಬಿಟ್ಟು ಕಾಣುವುದರಿಂದ ಸಾರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಒಣಮೀನು, ಉಪ್ಪಿನ ಕಾರಣಕ್ಕೆ, ಬೇಡ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು, ಕಾಫಿಪುಡಿಯೂ ಕೈಗೆಟಕದಿರಲಿ.

ಹೊಸ ಊಟವನ್ನು ಒಂದು ವಾರದಲ್ಲಿ ಹಂತಹಂತವಾಗಿ ಬದಲಿಸಿ. ತಿಂಗಳಿಗೊಮ್ಮೆ ತೂಗಿ, ಕೂಡಿದರೆ ಅನ್ನ ಕಡಿಮೆ ಮಾಡಿ.

ಪ್ರಶ್ನೆ: ಮೂರು ತಿಂಗಳ ಲ್ಯಾಬ್ರಡಾರ್ ಮರಿಗೂ ಮನೆ ಊಟ ಹಾಕಬಹುದೇ?
– ಓದುಗರು, ಸಾಗರ

ಉತ್ತರ: ಬೇಡ. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಕಡಿಮೆಯಾದರೂ ಹೆಚ್ಚಾದರೂ ಮೂಳೆ ಹಾಳು. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಆಹಾರ ಕೊಡಿ, ಮೇಲೆ ಕ್ಯಾಲ್ಸಿಯಂ ಟಾನಿಕ್ ಹಾಕಬೇಡಿ. ಬೆಂದ ಮೊಟ್ಟೆ, ಕೋಳಿ ಚೂರು ದಿನದ ಊಟದ ಹತ್ತರಲ್ಲೊಂದು ಪಾಲು ಮೀರದಿರಲಿ. ಕಾಲು ಬಾಗಿದಂತೆ ಕಂಡರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿ.