ಚೆನ್ನೈನ ನೀಲಾಂಕರೈಯಲ್ಲಿ ಬಾಡಿಗೆ ಮನೆ ಹಿಡಿಯಬಹುದಾ?

ಮಗಳಿಗೆ ಚೆನ್ನೈನ ಓಎಂಆರ್‌ನಲ್ಲಿ (ಐಟಿ ಕಂಪನಿಗಳಿರುವ ಹಳೆ ಮಹಾಬಲಿಪುರಂ ರಸ್ತೆ) ಕೆಲಸ ಸಿಕ್ಕಿದೆ, ಕಡಲ ಪಕ್ಕದ ನೀಲಾಂಕರೈಯಲ್ಲಿ ಮನೆ ಮಾಡಿದರೆ ನಮ್ಮ ಕೊಡಗಿನವರಿಗೆ ಒಗ್ಗುತ್ತಾ ಅಂತ ಕೇಳಿದ್ದೀರಿ. ನಾನು ಗೋಣಿಕೊಪ್ಪದವಳು, ಕೆಲವು ವರ್ಷ ಅಲ್ಲೇ ಬಾಡಿಗೆಗಿದ್ದೆ. ಖಂಡಿತ ಮಾಡಿ. ಆದರೆ ಮನೆ ನೋಡಲು ಹೋದಾಗ ಬಾಲ್ಕನಿಗಿಂತ ಮೊದಲು ನಲ್ಲಿ ನೋಡಿ.

ಬೋರಿನ ನೀರು ಒಂದು ಗುಟುಕು ಬಾಯಿಗೆ ಹಾಕಿ ಉಗಿಯಿರಿ, ಉಪ್ಪಿದ್ದರೆ ನಾಲಿಗೆಗೇ ಗೊತ್ತಾಗುತ್ತದೆ. ಅಲ್ಲಿನ ಮರಳಿನಡಿ ಮಳೆಯ ಸಿಹಿನೀರು ಕಡಲ ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಎಲ್ಲರೂ ಮೋಟಾರು ಹಾಕಿ ಎಳೆದರೆ ಉಪ್ಪು ಮೇಲೇರುತ್ತದೆ. ಕೋಟಿಗಟ್ಟಲೆ ಬೆಲೆಯ ಬಂಗಲೆ ಮುಂದೆಯೂ ನೀರಿನ ಟ್ಯಾಂಕರ್ ನಿಲ್ಲುವುದು ಇದಕ್ಕೇ. ಮನೆಯ ಬಾವಿ ನೀರು ಕುಡಿದು ಬೆಳೆದ ನಮಗೆ ಇದೇ ಜಾಸ್ತಿ ಕಷ್ಟ. ಟ್ಯಾಂಕರ್ ಖರ್ಚು ಯಾರದ್ದು ಅಂತ ಕರಾರಿನಲ್ಲೇ ಬರೆಸಿಕೊಳ್ಳಿ.

ಗಾಳಿಯಲ್ಲೂ ಉಪ್ಪು. ನಮ್ಮಲ್ಲಿ ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿದ ಹಾಗೆ ಅಲ್ಲಿ ವರ್ಷವಿಡೀ ಚಿಲಕ, ಕಿಟಕಿ ಸರಳು, ಏಸಿಯ ಹೊರಗಿನ ಪೆಟ್ಟಿಗೆಗೆ ತುಕ್ಕು.

ಇನ್ನು ಓಡಾಟ. ಮ್ಯಾಪಿನಲ್ಲಿ ಓಎಂಆರ್ ಪಕ್ಕದಲ್ಲೇ ಇದೆ ಅನಿಸುತ್ತದೆ ಅಲ್ವಾ? ನಡುವೆ ಬಕಿಂಗ್‌ಹ್ಯಾಮ್ ಕಾಲುವೆ ಇದೆ, ದಾಟುವ ದಾರಿ ಕಡಿಮೆ. ಆಫೀಸು ಶೋಲಿಂಗನಲ್ಲೂರು ಕಡೆಯಾದರೆ ನೀಲಾಂಕರೈಯಿಂದ ಸ್ವಲ್ಪ ದಕ್ಷಿಣದ ಇಂಜಂಬಾಕ್ಕಂನಲ್ಲೂ ಮನೆ ಹುಡುಕಿ. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಕಟ್ಟಿದ ಚೋಳಮಂಡಲ ಕಲಾವಿದರ ಗ್ರಾಮ ಇರುವುದು ಅಲ್ಲೇ.

ನನಗೆ ಆ ಊರು ಇಷ್ಟವಾಗಿದ್ದು ಬಂಗಲೆಗಳಿಂದಲ್ಲ, ಆಮೆಗಳಿಂದ. ಜನವರಿಯಿಂದ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. 1988ರಿಂದ ವಿದ್ಯಾರ್ಥಿಗಳ ಒಂದು ಗುಂಪು ರಾತ್ರಿಯಿಡೀ ನೀಲಾಂಕರೈಯಿಂದ ಬೆಸೆಂಟ್ ನಗರದ ಕಡೆಗೆ ನಡೆದು ಆ ಮೊಟ್ಟೆಗಳನ್ನು ಕಾಪಾಡುತ್ತಾ ಬಂದಿದೆ. ಆಮೆಯ ಚಪ್ಪಟೆ ಕಾಲು ಮರಳಲ್ಲಿ ಎರಡೂ ಬದಿ ಗೀಚಿಕೊಂಡು ಹೋದ ಗುರುತನ್ನು ಮಗಳು ಒಮ್ಮೆಯಾದರೂ ನೋಡಲಿ. ಮರಿಗಳು ಬೆಳಕಿನ ಕಡೆ ಹೋಗುತ್ತವೆ. ಹಾಗಾಗಿ ಕಡಲಿಗೆ ಮುಖ ಮಾಡಿದ ಮನೆ ಸಿಕ್ಕರೆ ಆ ತಿಂಗಳುಗಳಲ್ಲಿ ರಾತ್ರಿ ಹೊರಗಿನ ದೀಪ ಆರಿಸಲು ಹೇಳಿ. ದಯವಿಟ್ಟು ಇದನ್ನು ಮರೆಯಬೇಡಿ.

ನೀರಿಗೆ ಮಾತ್ರ ಇಳಿಯುವುದು ಬೇಡ, ಒಳಸೆಳೆತ ಜಾಸ್ತಿ. ದಡದ ಕುಪ್ಪಂಗಳಲ್ಲಿರುವ (ಮೀನುಗಾರರ ಕೇರಿಗಳು) ಮೀನುಗಾರರೂ ಇದನ್ನೇ ಹೇಳುತ್ತಾರೆ.

ಮನೆ ನೋಡಲು ಹುತ್ತರಿಗೆ ಸ್ವಲ್ಪ ಮೊದಲು, ನವೆಂಬರ್‌ನಲ್ಲಿ ಹೋಗಿ. ಮೈಸೂರಿನಿಂದ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಇದೆ. ಚೆನ್ನೈನಲ್ಲಿ ಆಗಲೇ ಜೋರು ಮಳೆ, ಯಾವ ರಸ್ತೆಯಲ್ಲಿ ನೀರು ನಿಲ್ಲುತ್ತದೆ ಅಂತ ಕಣ್ಣಾರೆ ನೋಡಿಯೇ ಅಡ್ವಾನ್ಸ್ ಕೊಡಬಹುದು.