ಬ್ಯಾಂಕಿನವರ ದುರಾಸೆಯನ್ನು ಅಣಕಿಸಿದ ಹಳೇ ಮುದ್ರಿತ ಚಿತ್ರಗಳಲ್ಲಿ ಯಾವುದು ಒಳ್ಳೆಯದು?

ಕಾಸರಗೋಡಿನ ಶಾಲಾ ಪ್ರದರ್ಶನಕ್ಕೆ ಒಂದೇ ಚಿತ್ರ ಸಾಕು ಅಂದಿರಲ್ಲ ಮಾಷ್ಟ್ರೇ, ನಾನಾದರೆ ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರ ಜಾರ್ಜ್ ಕ್ರೂಕ್‌ಶ್ಯಾಂಕ್ 1819ರಲ್ಲಿ ಮಾಡಿದ ಅಣಕು ನೋಟನ್ನೇ ಆರಿಸುತ್ತೇನೆ.

1797ರಲ್ಲಿ, ಫ್ರಾನ್ಸಿನ ಜೊತೆ ಯುದ್ಧ ನಡೆಯುತ್ತಿದ್ದಾಗ, ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತು. ಒಂದು, ಎರಡು ಪೌಂಡಿನ ನೋಟು ಹೊರಡಿಸಿತು. ಅವನ್ನು ನಕಲು ಮಾಡುವುದು ಬಹಳ ಸುಲಭ. ಸಿಕ್ಕಿಬಿದ್ದ ಎಷ್ಟೋ ಬಡವರಿಗೆ ಗಲ್ಲು. ಕಳಪೆ ನೋಟು ಕೊಟ್ಟ ಬ್ಯಾಂಕಿಗೆ ಏನೂ ಇಲ್ಲ!

ಕ್ರೂಕ್‌ಶ್ಯಾಂಕ್ ನೋಟಿನಲ್ಲಿ ಸಾಲಾಗಿ ನೇತಾಡುವ ಜನರಿದ್ದಾರೆ. ಪೌಂಡಿನ ಗುರುತೇ ನೇಣುಹಗ್ಗ. ಸಹಿ ಯಾರದ್ದು ಗೊತ್ತಾ? ಜ್ಯಾಕ್ ಕೆಚ್‌ನದ್ದು. ಗಲ್ಲಿಗೇರಿಸುವವನನ್ನು ಅಲ್ಲಿನ ಜನ ಕರೆಯುತ್ತಿದ್ದ ಹೆಸರು ಅದು. ಯಕ್ಷಗಾನದ ಹಾಸ್ಯಗಾರ ದೊರೆಯ ಮಾತನ್ನು ದೊರೆಗೇ ತಿರುಗಿಸುವ ಹಾಗೆ, ನೋಟಿನ ವೇಷದಲ್ಲೇ ಬ್ಯಾಂಕಿಗೆ ಏಟು. ಅದನ್ನು ಅಚ್ಚುಹಾಕಿಸಿ ಮಾರಿದ ಲಂಡನ್ನಿನ ವಿಲಿಯಂ ಹೋನ್ ಅಂಗಡಿಗೆ ಜನ ಮುಗಿಬಿದ್ದರು. 1821ರಲ್ಲಿ ನೋಟಿಗೆ ಚಿನ್ನ ಕೊಡುವುದು ಮತ್ತೆ ಶುರುವಾಯಿತು. ಚಿತ್ರದಿಂದಲೇ ಆಯಿತು ಅಂದರೆ ಮಾತ್ರ ಜಾಸ್ತಿಯಾಯಿತು.

ಇಂಗ್ಲೆಂಡಿನ ಇನ್ನೊಬ್ಬ ವ್ಯಂಗ್ಯಚಿತ್ರಕಾರ ಗಿಲ್‌ರೇಯ 1797ರ ಚಿತ್ರವೂ ಪ್ರಸಿದ್ಧವೇ. ಬ್ಯಾಂಕ್ ಅಲ್ಲಿ ನೋಟಿನ ಬಟ್ಟೆ ತೊಟ್ಟ ಮುದುಕಿ, ಅವಳ ಜೇಬಿಗೆ ಕೈಹಾಕುವವನು ಪ್ರಧಾನಿ ಪಿಟ್. ಆದರೆ ಅದರಲ್ಲಿ ಬೈಗುಳ ಸರ್ಕಾರಕ್ಕೇ ಜಾಸ್ತಿ, ಅಲ್ವಾ?